ಒಂದೇ ಕುರಿ, ಒಂದೇ ಜೀನ್: ಕುತ್ತಿಗೆ ಏಕೆ ಬೇಯಲಿಲ್ಲ?

ಹತ್ತನೆಯ ತರಗತಿಯ ‘ಅನುವಂಶೀಯತೆ’ ಘಟಕವನ್ನು ಬೋಧಿಸುವಾಗ ನಮ್ಮ ಪ್ರಶಿಕ್ಷಣಾರ್ಥಿಗಳು ಬಟಾಣಿ ಗಿಡವನ್ನು ಬಿಟ್ಟು ಹೊರಗೆ ಬರುವುದಿಲ್ಲ ಎಂಬುದು ನನ್ನ ಹಳೆಯ ದೂರು. ಪಾಠ ವೀಕ್ಷಣೆಗೆ ಹೋದಲ್ಲೆಲ್ಲ ಅದೇ ಎತ್ತರದ ಗಿಡ, ಅದೇ ಕುಳ್ಳ ಗಿಡ, ಅದೇ 3:1. ‘ಮಕ್ಕಳ ಸುತ್ತಮುತ್ತಲಿನ ಉದಾಹರಣೆ ಕೊಡಿ’ ಎಂದು ಪ್ರತಿವರ್ಷ ಹೇಳುವವಳು ನಾನು. ಹೇಳಿದರೆ ಸಾಲದು, ಮಾಡಿ ತೋರಿಸಬೇಕು ಎಂದು ಈ ಸಲ ಪ್ರಾತ್ಯಕ್ಷಿಕೆ ಪಾಠವನ್ನು ನಾನೇ ತೆಗೆದುಕೊಂಡೆ. ವಿಜಯನಗರದ ಒಂದು ಪ್ರೌಢಶಾಲೆ, 40 ನಿಮಿಷದ ಅವಧಿ, ಹಿಂದಿನ ಬೆಂಚುಗಳಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕುಳಿತ ಪ್ರಶಿಕ್ಷಣಾರ್ಥಿಗಳು.

ನಾನು ಆರಿಸಿಕೊಂಡ ಉದಾಹರಣೆ ಬನ್ನೂರು ಕುರಿ. ನಾಯಂಡಹಳ್ಳಿಯಿಂದ ಕೆಂಗೇರಿಯ ಕಡೆಗೆ ಮೈಸೂರು ರಸ್ತೆಯಲ್ಲಿ ಹೋದವರೆಲ್ಲ ‘ಇಲ್ಲಿ ಬನ್ನೂರು ಕುರಿ ಮಾಂಸ ದೊರೆಯುತ್ತದೆ’ ಎಂಬ ಬೋರ್ಡನ್ನು ಒಮ್ಮೆಯಾದರೂ ನೋಡಿರುತ್ತಾರೆ. ಈ ಕುರಿಯ ಮಾಂಸ ಮೃದು, ರುಚಿ ಹೆಚ್ಚು ಎಂಬ ಮಾತು ಹಳೇ ಮೈಸೂರು ಭಾಗದಲ್ಲಿ ಮನೆಮಾತು. ಮಾಂಸದ ಮೃದುತ್ವಕ್ಕೂ ಜೀನ್‌ಗೂ ಇರುವ ಸಂಬಂಧವನ್ನು ಇದರ ಮೂಲಕ ಹೇಳಿದರೆ ಮಕ್ಕಳಿಗೆ ಬೇಗ ಹತ್ತುತ್ತದೆ ಎಂದುಕೊಂಡೆ. ನಮ್ಮ ಮನೆಯಲ್ಲಿ ಮಾಂಸದಡುಗೆ ಇಲ್ಲ. ಹಾಗಾಗಿ ನನ್ನ ತಿಳಿವಳಿಕೆಯೆಲ್ಲ ಪುಸ್ತಕದ್ದು. ಎಡವಿದ್ದೂ ಅಲ್ಲಿಯೇ.

ಪಾಠ ಚೆನ್ನಾಗಿಯೇ ಆರಂಭವಾಯಿತು. ಕರ್ನಾಟಕದ ಕುರಿ ತಳಿಗಳನ್ನು ಬೋರ್ಡಿನ ಮೇಲೆ ಬರೆದೆ: ಮಂಡ್ಯ, ಹಾಸನ, ಬಳ್ಳಾರಿ, ದಖನಿ, ಕೆಂಗುರಿ. ಕೆಂಗೇರಿಯಿಂದ ಬರುವ ಹುಡುಗಿಯೊಬ್ಬಳು ‘ನಮ್ಮೂರಿನ ಕುರಿನಾ ಮಿಸ್?’ ಎಂದಳು. ಎಲ್ಲರೂ ನಕ್ಕರು. ಕೆಂಪು ಮತ್ತು ಕುರಿ ಸೇರಿ ಕೆಂಗುರಿ, ಅದು ರಾಯಚೂರು ಸೀಮೆಯ ಕೆಂಪು ಬಣ್ಣದ ಕುರಿ ಎಂದು ಹೇಳಿದೆ. ಬಳಿಕ ಬೋರ್ಡಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಮೃದು ಮಾಂಸದ ಜೀನ್’ ಎಂದು ಬರೆದೆ.

ಮೂರನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ತಂದೆಗೆ ಮಟನ್ ಅಂಗಡಿಯಿದೆ ಎಂಬುದು ನನಗೆ ಆಮೇಲೆ ತಿಳಿಯಿತು. ‘ಮಿಸ್, ಒಂದೇ ಕುರೀದು ಚಾಪ್ಸ್ ಬೇಗ ಬೇಯುತ್ತೆ, ಕುತ್ತಿಗೆ ಬೇಗ ಬೇಯೋದೇ ಇಲ್ಲ. ಎರಡರಲ್ಲೂ ಇರೋದು ಅದೇ ಜೀನ್ ತಾನೆ?’

ಹಿಂದಿನಿಂದ ಯಾರೋ ‘ಮಟನ್, ಮಟನ್’ ಎಂದು ಪಿಸುಗುಟ್ಟಿದರು. ತರಗತಿಯಲ್ಲಿ ನಗು. ನನಗೆ ಉತ್ತರ ಹೊಳೆಯಲಿಲ್ಲ. ‘ಅದು ಅಡುಗೆ ವಿಷಯ, ಕೂತ್ಕೊಳ್ಳಪ್ಪ’ ಎಂದುಬಿಟ್ಟೆ. ಅವನು ಕುಳಿತ. ಅವಧಿ ಮುಗಿಯುವವರೆಗೆ ಮತ್ತೆ ತಲೆ ಎತ್ತಲಿಲ್ಲ.

ಸಂಜೆ ವೀಕ್ಷಣಾ ಪುಸ್ತಕಗಳನ್ನು ತಿರುವಿದಾಗ ಹೆಚ್ಚಿನವುಗಳಲ್ಲಿ ‘ಪಾಠ ಉತ್ತಮವಾಗಿತ್ತು’ ಎಂದಿತ್ತು. ಒಬ್ಬ ಪ್ರಶಿಕ್ಷಣಾರ್ಥಿ ಮಾತ್ರ ಹೀಗೆ ಬರೆದಿದ್ದಳು: ‘ವಿದ್ಯಾರ್ಥಿ ಕೇಳಿದ್ದು ಇಡೀ ಪಾಠದ ಅತ್ಯುತ್ತಮ ಪ್ರಶ್ನೆ. ಅದಕ್ಕೆ ಉತ್ತರ ಸಿಗಲಿಲ್ಲ.’ ಅವಳು ಬರೆದದ್ದು ಸರಿ. ಆ ಉತ್ತರವನ್ನು ಹುಡುಕಿ, ಮುಂದಿನ ವಾರ ಅದೇ ತರಗತಿಗೆ ಮತ್ತೆ ಹೋಗಿ ಪಾಠ ಮಾಡಿದೆ. ಎರಡನೆಯ ಪಾಠಕ್ಕಾಗಿ ನಾನು ಕಲಿತದ್ದನ್ನೂ ಕಲಿಸಿದ ಬಗೆಯನ್ನೂ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ತಪ್ಪು ಎಲ್ಲಿತ್ತು?

‘ಮೃದು ಮಾಂಸದ ಜೀನ್’ ಎಂಬ ಮಾತಿನಲ್ಲಿಯೇ ಎರಡು ತಪ್ಪುಗಳಿವೆ. ಮೊದಲನೆಯದು, ಕೆಲವು ಕುರಿಗಳಲ್ಲಿ ಆ ಜೀನ್ ಇರುತ್ತದೆ, ಉಳಿದವುಗಳಲ್ಲಿ ಇರುವುದಿಲ್ಲ ಎಂಬ ಭಾವನೆ ಮಕ್ಕಳಲ್ಲಿ ಬೇರೂರುತ್ತದೆ. ನಿಜದಲ್ಲಿ ಆ ಜೀನ್ ಎಲ್ಲ ಕುರಿಗಳಲ್ಲೂ ಇದೆ. ಕುರಿಯಿಂದ ಕುರಿಗೆ ಬದಲಾಗುವುದು ಅದರ ರೂಪ, ಅಂದರೆ ಆಲೀಲ್. ಎರಡನೆಯದು, ಜೀನ್ ಇದ್ದರೆ ಗುಣ ಇದ್ದೇ ಇರುತ್ತದೆ ಎಂಬ ನಂಬಿಕೆ. ಬಟಾಣಿಯ ಎತ್ತರದ ಪಾಠದಿಂದಲೇ ಮಕ್ಕಳು ಈ ನಂಬಿಕೆಯನ್ನು ಹೊತ್ತು ತಂದಿರುತ್ತಾರೆ. ಹುಡುಗನ ಪ್ರಶ್ನೆ ನೇರವಾಗಿ ಈ ಎರಡನೆಯ ತಪ್ಪಿಗೆ ಬಡಿದಿತ್ತು.

ಮಾಂಸದೊಳಗೆ ನಡೆಯುವುದೇನು?

ನಾನು ಹೇಳಹೊರಟಿದ್ದ ಜೀನ್‌ನ ಹೆಸರು ಕ್ಯಾಲ್ಪಸ್ಟಾಟಿನ್. ಕುರಿಯ ದೇಹಕೋಶದಲ್ಲಿ 54 ವರ್ಣತಂತುಗಳು, ಅಂದರೆ 27 ಜೊತೆಗಳಿವೆ. ಐದನೆಯ ಜೊತೆಯ ಮೇಲೆ ಈ ಜೀನ್ ಇದೆ. ಇದರ ಕೆಲಸ ತಿಳಿಯಬೇಕಾದರೆ ಮೊದಲು ಕ್ಯಾಲ್ಪೈನ್ ಎಂಬ ಕಿಣ್ವದ ಪರಿಚಯ ಬೇಕು.

ಸ್ನಾಯುವಿನ ನಾರುಗಳಲ್ಲಿ ಪ್ರೋಟೀನ್ ಎಳೆಗಳು ಸಾಲುಸಾಲಾಗಿ ಜೋಡಣೆಯಾಗಿವೆ. ಆ ಎಳೆಗಳನ್ನು ಅಲ್ಲಲ್ಲಿ ಬಿಗಿಯಾಗಿ ಹಿಡಿದಿಡುವ ಬೇರೆ ಪ್ರೋಟೀನುಗಳೂ ಇವೆ. ಪ್ರಾಣಿ ಸತ್ತ ಕೆಲವು ಗಂಟೆಗಳಲ್ಲಿ ಸ್ನಾಯುವಿನ ಶಕ್ತಿಮೂಲವಾದ ಎಟಿಪಿ ಮುಗಿಯುತ್ತದೆ. ಆಗ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಸ್ನಾಯು ಸೆಡೆತುಕೊಳ್ಳುತ್ತದೆ. ಅದೇ ಹೊತ್ತಿಗೆ ಕೋಶದೊಳಗೆ ಕ್ಯಾಲ್ಸಿಯಂ ಸೋರಿ ಕ್ಯಾಲ್ಪೈನ್ ಕಿಣ್ವ ಎಚ್ಚೆತ್ತುಕೊಳ್ಳುತ್ತದೆ. ಎಳೆಗಳನ್ನು ಹಿಡಿದಿಟ್ಟ ಪ್ರೋಟೀನುಗಳನ್ನು ಅದು ನಿಧಾನವಾಗಿ ಕತ್ತರಿಸುತ್ತದೆ. ದಿನಗಳು ಕಳೆದಂತೆ ಮಾಂಸ ಸಡಿಲಗೊಂಡು ಮೃದುವಾಗುತ್ತದೆ.

ಕ್ಯಾಲ್ಪಸ್ಟಾಟಿನ್ ಈ ಕ್ಯಾಲ್ಪೈನ್‌ಗೆ ಹಾಕಿದ ಕಡಿವಾಣ. ಕಡಿವಾಣ ಬಿಗಿಯಾಗಿದ್ದರೆ ಕತ್ತರಿಸುವ ಕೆಲಸ ಕುಂಟುತ್ತದೆ, ಮಾಂಸ ಗಡುಸಾಗಿಯೇ ಉಳಿಯುತ್ತದೆ. ಸಡಿಲವಾಗಿದ್ದರೆ ಬೇಗ ಮೃದುವಾಗುತ್ತದೆ. ಬದುಕಿರುವ ಕುರಿಯಲ್ಲೂ ಈ ಜೋಡಿ ಕೆಲಸ ಮಾಡುತ್ತಿರುತ್ತದೆ. ಹಳೆಯ ಪ್ರೋಟೀನ್ ಒಡೆಯುವ ವೇಗ ತಗ್ಗಿದರೆ ಸ್ನಾಯು ಹೆಚ್ಚು ಬೆಳೆಯುತ್ತದೆ. ಅಂದರೆ ಮೈ ತುಂಬಿಕೊಳ್ಳಲು ನೆರವಾಗುವ ಬಿಗಿ ಕಡಿವಾಣವೇ ಮಾಂಸವನ್ನು ಗಡುಸು ಮಾಡಲೂಬಹುದು. ‘ಒಳ್ಳೆಯ ಜೀನ್, ಕೆಟ್ಟ ಜೀನ್’ ಎಂಬ ಮಾತನ್ನು ತರಗತಿಯಲ್ಲಿ ಆಡಬಾರದು ಎನ್ನಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ.

ಭಿನ್ನತೆಯನ್ನು ಕತ್ತರಿಯಿಂದ ತೋರಿಸುವುದು

ಕುರಿಯ ಕ್ಯಾಲ್ಪಸ್ಟಾಟಿನ್ ಜೀನ್‌ನಲ್ಲಿರುವ ಭಿನ್ನತೆಯನ್ನು ಗುರುತಿಸುವ ಒಂದು ಸರಳ ವಿಧಾನವನ್ನು ನ್ಯೂಜಿಲೆಂಡಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದರು. ಭಾರತದ ತಳಿಗಳೂ ಸೇರಿದಂತೆ ಹಲವು ದೇಶಗಳ ಕುರಿಗಳ ಮೇಲೆ ಅದನ್ನು ಬಳಸಿದ್ದಾರೆ. ಜೀನ್‌ನ 622 ಪ್ರತ್ಯಾಮ್ಲ ಜೋಡಿಗಳಷ್ಟು ಉದ್ದದ ಒಂದು ತುಣುಕನ್ನು ಪಿಸಿಆರ್ ಮೂಲಕ ಲಕ್ಷಾಂತರ ಪಟ್ಟು ಹೆಚ್ಚಿಸುತ್ತಾರೆ. ಬಳಿಕ ಅದಕ್ಕೆ ಎಂಎಸ್‌ಪಿ-1 ಎಂಬ ಕತ್ತರಿ ಕಿಣ್ವವನ್ನು ಸೇರಿಸುತ್ತಾರೆ. (ರೈತರ ಮಕ್ಕಳಿರುವ ತರಗತಿಯಲ್ಲಿ ಇದು ಬೆಂಬಲ ಬೆಲೆಯ ಎಂಎಸ್‌ಪಿ ಅಲ್ಲ ಎಂದು ಮೊದಲೇ ಹೇಳಿಬಿಡಿ.) ಡಿಎನ್ಎಯಲ್ಲಿ ‘ಸಿ ಸಿ ಜಿ ಜಿ’ ಎಂಬ ನಾಲ್ಕು ಅಕ್ಷರಗಳು ಸಾಲಾಗಿ ಬಂದಲ್ಲಿ ಮಾತ್ರ ಈ ಕಿಣ್ವ ಕತ್ತರಿಸುತ್ತದೆ. ‘ಎಂ’ ಎಂಬ ಆಲೀಲ್‌ನಲ್ಲಿ ಆ ಸಾಲು ಇದೆ. ಹಾಗಾಗಿ ತುಣುಕು 336 ಮತ್ತು 286ರ ಎರಡು ಹೋಳಾಗುತ್ತದೆ. ‘ಎನ್’ ಆಲೀಲ್‌ನಲ್ಲಿ ಆ ಸಾಲು ಕೆಟ್ಟಿದೆ. ತುಣುಕು 622ರಷ್ಟೇ ಉದ್ದ ಉಳಿಯುತ್ತದೆ.

ಇದನ್ನು ತೋರಿಸಲು ಪ್ರಯೋಗಾಲಯ ಬೇಡ. ಒಂದು ಪ್ರತ್ಯಾಮ್ಲ ಜೋಡಿಗೆ ಒಂದು ಮಿಲಿಮೀಟರ್ ಎಂದು ಅಳತೆ ಇಟ್ಟುಕೊಂಡರೆ 622 ಎಂಬುದು 62.2 ಸೆಂ.ಮೀ. ಆಗುತ್ತದೆ. ಚಾರ್ಟ್ ಹಾಳೆಯ ಉದ್ದನೆಯ ಬದಿಯಲ್ಲಿ ಇಷ್ಟು ಉದ್ದದ ಪಟ್ಟಿಗಳು ಸಲೀಸಾಗಿ ಸಿಗುತ್ತವೆ. ಕೆಲವು ಪಟ್ಟಿಗಳ ಮೇಲೆ 33.6 ಸೆಂ.ಮೀ. ದೂರದಲ್ಲಿ ‘ಸಿ ಸಿ ಜಿ ಜಿ’ ಎಂದು ಬರೆಯಿರಿ. ಇವು ಎಂ. ಉಳಿದವುಗಳಲ್ಲಿ ಅದೇ ಜಾಗದಲ್ಲಿ ಒಂದು ಅಕ್ಷರ ಬದಲಿಸಿ ಬರೆಯಿರಿ. ಇವು ಎನ್. ಒಂದು ಲಕೋಟೆಯೆಂದರೆ ಒಂದು ಕುರಿ. ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಪ್ರತಿ ಲಕೋಟೆಯಲ್ಲಿ ಎರಡು ಪಟ್ಟಿ ಇಡಿ. ಗುಂಪಿಗೊಂದು ಲಕೋಟೆ, ಒಂದು ಕತ್ತರಿ. ‘ಸಿ ಸಿ ಜಿ ಜಿ’ ಕಂಡಲ್ಲಿ ಮಾತ್ರ ಕತ್ತರಿಸಿ, ಹೋಳುಗಳನ್ನು ಉದ್ದದ ಪ್ರಕಾರ ಜೋಡಿಸಲು ಹೇಳಿ. ಜೆಲ್‌ನಲ್ಲಿ ಗಿಡ್ಡ ತುಣುಕು ಹೆಚ್ಚು ದೂರ ಓಡುತ್ತದೆ. ಆದ್ದರಿಂದ ಗಿಡ್ಡದ್ದು ಕೆಳಗೆ, ಉದ್ದದ್ದು ಮೇಲೆ. ಒಂದೇ ಉದ್ದದ ಹೋಳುಗಳು ಎಷ್ಟೇ ಇದ್ದರೂ ಒಂದೇ ಪಟ್ಟೆ ಎಂದು ಎಣಿಸಬೇಕು.

ಉತ್ತರ ಹೀಗೆ ಬರಬೇಕು: ಎಂಎಂ ಕುರಿಯಲ್ಲಿ 336, 286ರ ಎರಡು ಪಟ್ಟೆ. ಎಂಎನ್ ಕುರಿಯಲ್ಲಿ 622, 336, 286ರ ಮೂರು ಪಟ್ಟೆ. ಎನ್ಎನ್ ಕುರಿಯಲ್ಲಿ 622ರ ಒಂದೇ ಪಟ್ಟೆ.

ಇಲ್ಲಿ ಮಕ್ಕಳು ತಪ್ಪುವ ಜಾಗ ಒಂದಿದೆ, ಪ್ರಶಿಕ್ಷಣಾರ್ಥಿಗಳು ಅದಕ್ಕೆ ಸಿದ್ಧರಾಗಿರಬೇಕು. ಎರಡು ಪಟ್ಟೆ ಕಂಡ ಕೂಡಲೇ ‘ಎರಡು ಬಗೆಯ ಆಲೀಲ್’ ಎನ್ನುತ್ತಾರೆ. ಒಂದು ಪಟ್ಟೆ ಕಂಡರೆ ‘ಒಂದೇ ಜೀನ್ ಇದೆ, ಇನ್ನೊಂದು ಇಲ್ಲ’ ಎನ್ನುತ್ತಾರೆ. ಲಕೋಟೆಯಿಂದ ಹೊರಬಂದದ್ದು ಎರಡು ಪಟ್ಟಿಗಳು ಎಂಬುದನ್ನು ಅವರ ಕೈಯಲ್ಲೇ ಮತ್ತೆ ಎಣಿಸಿ. ಹೋಳುಗಳನ್ನು ಅಂಟಿಸಿ ಮೊದಲಿನ ಪಟ್ಟಿ ಮಾಡಿಸಿದರೆ ಗೊಂದಲ ಅಲ್ಲಿಯೇ ಬಗೆಹರಿಯುತ್ತದೆ.

ಬೋರ್ಡು ಬೇರೆ, ಸರಕು ಬೇರೆ

ಎಂ, ಎನ್ ಎಂದು ಗುರುತಿಸಿದ ಮಾತ್ರಕ್ಕೆ ಮಾಂಸ ಮೃದುವೋ ಗಡುಸೋ ಎಂದು ಹೇಳಿಬಿಡಲಾಗದು. ಕತ್ತರಿಸಿದ ಆ ಜಾಗ ಒಂದು ಗುರುತು ಮಾತ್ರ. ಬೇರೆ ಬೇರೆ ತಳಿಗಳಲ್ಲಿ ಈ ಗುರುತಿಗೂ ಕುರಿಯ ತೂಕ, ಮಾಂಸದ ಗುಣಕ್ಕೂ ಇರುವ ನಂಟನ್ನು ಪರೀಕ್ಷಿಸಿದಾಗ ಫಲಿತಾಂಶಗಳು ಒಂದೇ ರೀತಿ ಬಂದಿಲ್ಲ. ಕೆಲವೆಡೆ ನಂಟು ಕಂಡಿದೆ, ಕೆಲವೆಡೆ ಕಂಡಿಲ್ಲ. ಮೃದುತ್ವವೆಂಬುದು ಹಲವು ಜೀನ್‌ಗಳೂ ಮೇವು, ವಯಸ್ಸು, ಆರೈಕೆಗಳೂ ಸೇರಿ ಆಗುವ ಗುಣ. ಗುರುತು ಹೇಳುವುದೇನಿದ್ದರೂ ಮಂದೆಯ ಸರಾಸರಿಯನ್ನು.

ತರಗತಿಯಲ್ಲಿ ಇದನ್ನು ಹೇಳಲು ನಾನು ಮೈಸೂರು ರಸ್ತೆಯ ಬೋರ್ಡಿಗೇ ಮರಳಿದೆ. ‘ಬೋರ್ಡಿನ ಮೇಲೆ ಬನ್ನೂರು ಎಂದಿದ್ದರೆ ಒಳಗೆ ಇರುವುದೆಲ್ಲ ಬನ್ನೂರು ಕುರಿಯೇನು?’ ಎಂದು ಕೇಳಿದೆ. ‘ಇಲ್ಲ ಮಿಸ್!’ ಎಂದು ಇಡೀ ತರಗತಿ ಒಂದೇ ಧ್ವನಿಯಲ್ಲಿ ಕೂಗಿತು. ಬೋರ್ಡು ಸರಕಿನ ಸುಳಿವು ಕೊಡುತ್ತದೆ, ಖಾತರಿ ಕೊಡುವುದಿಲ್ಲ. ಜೀನ್ ಗುರುತೂ ಹಾಗೆಯೇ.

ಕುತ್ತಿಗೆಯ ಪ್ರಶ್ನೆಗೆ ಉತ್ತರ

ಈಗ ಹುಡುಗನ ಪ್ರಶ್ನೆ. ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಕುತ್ತಿಗೆಯ ಕೋಶದಲ್ಲೂ ಬೆನ್ನಿನ ಕೋಶದಲ್ಲೂ ಇರುವುದು ಅದೇ ಡಿಎನ್ಎ. ಕುರಿ ಎಂಎಂ ಆಗಿದ್ದರೆ ಕೊಂಬಿನಿಂದ ಗೊರಸಿನವರೆಗೆ ಎಂಎಂ. ಆದರೂ ಎರಡು ಭಾಗಗಳು ಬೇಯುವ ಹೊತ್ತು ಬೇರೆ. ಕಾರಣ, ಮಾಂಸದ ಬಿಗಿ ಬರುವುದು ಎರಡು ಕಡೆಯಿಂದ. ಒಂದು ಈಗಾಗಲೇ ಹೇಳಿದ ಸ್ನಾಯುವಿನ ಎಳೆಗಳದು. ಇನ್ನೊಂದು ಎಳೆಗಳ ಕಂತೆಗಳನ್ನು ಸುತ್ತುವರಿದ ಕೊಲಾಜೆನ್ ಎಂಬ ಪ್ರೋಟೀನಿನದು. ದಿನವಿಡೀ ತಲೆ ಬಗ್ಗಿಸಿ ಎತ್ತಿ ಮೇಯುವ ಕುರಿಗೆ ಕುತ್ತಿಗೆಯ ಸ್ನಾಯು ಸದಾ ದುಡಿಯುವ ಸ್ನಾಯು. ಅಲ್ಲಿ ಕೊಲಾಜೆನ್ ಹೆಚ್ಚು. ಬೆನ್ನಿನ ಸ್ನಾಯುವಿನಲ್ಲಿ ಕಡಿಮೆ. ಕ್ಯಾಲ್ಪೈನ್‌ನ ಕತ್ತರಿ ಕೊಲಾಜೆನ್ ಮೇಲೆ ನಡೆಯುವುದಿಲ್ಲ. ಅದನ್ನು ಕರಗಿಸುವುದು ನೀರಿನಲ್ಲಿ ಬಹಳ ಹೊತ್ತು ಬೇಯಿಸುವ ಶಾಖ. ಕುಕ್ಕರ್ ಇನ್ನೂ ನಾಲ್ಕು ಸಲ ಕೂಗಬೇಕು ಎನ್ನುವುದು ಅದಕ್ಕೇ. ಕುರಿಗೆ ವಯಸ್ಸಾದಂತೆ ಕೊಲಾಜೆನ್ ಎಳೆಗಳ ನಡುವೆ ಹೆಣಿಗೆ ಬಲಿಯುತ್ತದೆ. ಮುದಿ ಕುರಿಯ ಮಾಂಸ ಎಂಥ ತಳಿಯದಾದರೂ ತಡವಾಗಿ ಬೇಯುವುದು ಈ ಕಾರಣಕ್ಕೆ.

ಇಷ್ಟು ಹೇಳಿ ಆ ಹುಡುಗನ ಕಡೆ ತಿರುಗಿ, ‘ಹೋದ ವಾರ ನಿನ್ನ ಪ್ರಶ್ನೆಗೆ ನನಗೆ ಉತ್ತರ ಗೊತ್ತಿರಲಿಲ್ಲ, ಅದಕ್ಕೇ ಕೂರಿಸಿದೆ. ತಪ್ಪು ನನ್ನದು’ ಎಂದೆ. ತರಗತಿ ನಿಶ್ಶಬ್ದವಾಯಿತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕುತ್ತಿಗೆ ಸಾರಿಗೆ ಚೆನ್ನಾಗಿರುತ್ತೆ ಮಿಸ್, ಸಾರು ಗಟ್ಟಿ ಬರುತ್ತೆ’ ಎಂದ. ಕೊಲಾಜೆನ್ ಕರಗಿ ಜೆಲಾಟಿನ್ ಆಗುವುದೆಂದರೆ ಅದೇ. ನಾನು ಮುಂದಿನ ಪ್ರಶ್ನೆ ಕೇಳಿದೆ: ‘ನಿಮ್ಮ ಅಂಗಡಿಯಲ್ಲಿ ಕುರಿ ಕೊಯ್ದ ಮೇಲೆ ಮಾಂಸ ಎಷ್ಟು ದಿನ ಇಡುತ್ತಾರೆ?’ ಅವನಿಗೆ ನಗು ಬಂತು. ‘ದಿನ ಎಲ್ಲಿ ಮಿಸ್? ಬೆಳಿಗ್ಗೆ ಆರಕ್ಕೆ ಕೊಯ್ದರೆ ಮಧ್ಯಾಹ್ನಕ್ಕೆಲ್ಲ ಖಾಲಿ.’

ಪಾಠದ ಮುಖ್ಯ ಅಂಶ ಅವನ ಈ ಮಾತಿನಲ್ಲಿದೆ. ಕ್ಯಾಲ್ಪೈನ್ ತನ್ನ ಕೆಲಸ ಮುಗಿಸಲು ದಿನಗಳು ಬೇಕು. ಹೊರದೇಶಗಳಲ್ಲಿ ಮಾಂಸವನ್ನು ಶೀತಗೃಹದಲ್ಲಿ ಹಲವು ದಿನ ತೂಗುಹಾಕಿ ಆಮೇಲೆ ಮಾರುತ್ತಾರೆ. ಅಲ್ಲಿ ಕಡಿವಾಣ ಬಿಗಿಯೋ ಸಡಿಲವೋ ಎಂಬುದು ತಟ್ಟೆಯವರೆಗೂ ಬರುತ್ತದೆ. ನಮ್ಮಲ್ಲಿ ಬೆಳಗಿನ ಮಾಂಸ ಮಧ್ಯಾಹ್ನದ ಮುದ್ದೆಯ ಜೊತೆ ಮುಗಿಯುತ್ತದೆ. ಕಿಣ್ವಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಆಲೀಲ್ ಅದೇ, ಆದರೆ ಅದರ ಪರಿಣಾಮ ಕಾಣುವುದೋ ಇಲ್ಲವೋ ಎಂಬುದನ್ನು ನಮ್ಮ ಮಾರುಕಟ್ಟೆಯ ಪದ್ಧತಿ ನಿರ್ಧರಿಸುತ್ತದೆ. ಜೀನ್ ಮತ್ತು ಪರಿಸರ ಸೇರಿ ಗುಣವಾಗುತ್ತದೆ ಎಂಬ ವಾಕ್ಯವನ್ನು ನಾನು ವರ್ಷಗಟ್ಟಲೆ ಬರೆಸಿದ್ದೇನೆ. ಅದಕ್ಕೆ ಇಷ್ಟು ಹತ್ತಿರದ ಉದಾಹರಣೆ ನನಗೆ ಹಿಂದೆ ಸಿಕ್ಕಿರಲಿಲ್ಲ.

ನೋಟಕ್ಕೆ ಮರುಳಾಗಬಾರದು

ಬನ್ನೂರು ಎಂಬುದು ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಊರು. ಇದೇ ಕುರಿಯನ್ನು ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರಿನಲ್ಲಿ ಬಂಡೂರು ಕುರಿ ಎಂದೂ ಕರೆಯುತ್ತಾರೆ. ಸರ್ಕಾರಿ ದಾಖಲೆಗಳಲ್ಲಿ ಇದು ಮಂಡ್ಯ ತಳಿ. ಗಿಡ್ಡ ಕಾಲು, ದುಂಡನೆಯ ಮೈ. ಹಿಂದಿನಿಂದ ನೋಡಿದರೆ ತೊಡೆಗಳು ತಲೆಕೆಳಗಾದ ಯು ಅಕ್ಷರದಂತೆ ಕಾಣುತ್ತವೆ. ಸಾಕುವವರು ಟಗರನ್ನು ಆರಿಸುವಾಗ ನೋಡುವುದು ಇದನ್ನೇ.

ತುಂಬಿದ ತೊಡೆ ಎಂದರೆ ಮೃದು ಮಾಂಸವೆಂದೇ ಅರ್ಥವಲ್ಲ. 1983ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಅಸಾಧಾರಣವಾಗಿ ತುಂಬಿದ ಹಿಂಭಾಗದ ಟಗರೊಂದು ಕಾಣಿಸಿಕೊಂಡಿತು. ಅದಕ್ಕೆ ‘ಸಾಲಿಡ್ ಗೋಲ್ಡ್’ ಎಂದು ಹೆಸರಿಟ್ಟಿದ್ದರು. ಅದರ ಹದಿನೆಂಟನೆಯ ವರ್ಣತಂತುವಿನಲ್ಲಿ ಆಗಿದ್ದ ಒಂದು ಮಾರ್ಪಾಡು ಇದಕ್ಕೆ ಕಾರಣ. ಆ ವಂಶದ ಕುರಿಗಳಲ್ಲಿ ಮಾಂಸ ಹೆಚ್ಚು, ಕೊಬ್ಬು ಕಡಿಮೆ. ಆದರೆ ಬೆನ್ನಿನ ಮಾಂಸ ಜಗಿಯಲಾಗದಷ್ಟು ಗಡುಸು. ಪರೀಕ್ಷಿಸಿದಾಗ ಆ ಸ್ನಾಯುಗಳಲ್ಲಿ ಕ್ಯಾಲ್ಪಸ್ಟಾಟಿನ್ ಪ್ರಮಾಣ ಏರಿದ್ದು ಕಂಡುಬಂತು. ಇನ್ನೂ ವಿಚಿತ್ರವೆಂದರೆ, ಮಾರ್ಪಾಡು ತಂದೆಯಿಂದ ಬಂದು ತಾಯಿಯಿಂದ ಸಾಮಾನ್ಯ ರೂಪ ಬಂದ ಮರಿಯಲ್ಲಿ ಮಾತ್ರ ಈ ಗುಣ ಕಾಣುತ್ತದೆ. ಇಬ್ಬರಿಂದಲೂ ಬಂದರೆ ಕಾಣುವುದಿಲ್ಲ. ಚುರುಕಾದ ಮಕ್ಕಳಿಗೆ ಇದನ್ನು ಹೇಳಿ, ಮೆಂಡಲನ ಚೌಕದಲ್ಲಿ ಇದು ಕೂರುತ್ತದೆಯೇ ಎಂದು ಕೇಳಬಹುದು.

ಒಂದು ಟಗರಿನ ಲೆಕ್ಕ

ಕೊನೆಯ ಹತ್ತು ನಿಮಿಷ ಲಕೋಟೆಗಳನ್ನೇ ಮಂದೆಯಾಗಿ ಮಾಡಿಕೊಂಡೆ. ಸಂಖ್ಯೆಗಳು ಲೆಕ್ಕಕ್ಕಾಗಿ ನಾನೇ ಹಿಡಿದವು. 20 ಹೆಣ್ಣು ಕುರಿಗಳಲ್ಲಿ 12 ಎಂಎಂ, 6 ಎಂಎನ್, 2 ಎನ್ಎನ್. ಒಟ್ಟು 40 ಆಲೀಲ್‌ಗಳಲ್ಲಿ ಎಂ 30, ಅಂದರೆ ಶೇ. 75. ಈ ಮಂದೆಗೆ ನೋಟ ಚೆನ್ನಾಗಿದೆಯೆಂದು ತಂದ ಟಗರು ಎನ್ಎನ್ ಆಗಿದ್ದರೆ? ಪ್ರತಿ ಮರಿಗೂ ತಂದೆಯಿಂದ ಎನ್ ಬರುತ್ತದೆ. ಎಂಎಂ ಮರಿ ಒಂದೂ ಹುಟ್ಟುವುದಿಲ್ಲ. ಸರಾಸರಿಯಲ್ಲಿ 20 ಮರಿಗಳ ಪೈಕಿ 15 ಎಂಎನ್, 5 ಎನ್ಎನ್. ಎಂ ಪ್ರಮಾಣ ಒಂದೇ ತಲೆಮಾರಿನಲ್ಲಿ ಶೇ. 75ರಿಂದ ಶೇ. 37.5ಕ್ಕೆ, ಅಂದರೆ ಅರ್ಧಕ್ಕೆ ಇಳಿಯುತ್ತದೆ.

ಲೆಕ್ಕ ಮುಗಿದಾಗ ಮಕ್ಕಳ ಮುಖದಲ್ಲಿ ಬೆರಗಿತ್ತು. ತಳಿಯನ್ನು ಉಳಿಸುವುದೆಂದರೆ ಕುರಿಗಳ ತಲೆ ಎಣಿಸುವುದಷ್ಟೇ ಅಲ್ಲ, ಅವುಗಳೊಳಗಿನ ಭಿನ್ನತೆಯನ್ನು ಉಳಿಸುವುದು ಎಂದು ವಿವರಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು. ಅಡ್ಡತಳಿಗಳ ನಡುವೆ ಶುದ್ಧ ಬಂಡೂರು ಕುರಿ ಅಪರೂಪವಾಗುತ್ತಿರುವಾಗ ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಈ ತಳಿಗೆಂದೇ ಸರ್ಕಾರಿ ಸಂವರ್ಧನಾ ಕೇಂದ್ರ ಇರುವುದರ ಅರ್ಥ ಮಕ್ಕಳಿಗೆ ಆಗ ತಿಳಿಯುತ್ತದೆ.

ಪ್ರಶಿಕ್ಷಣಾರ್ಥಿಗಳಿಗೆ ಎರಡು ಮಾತು

ಪಶ್ಚಿಮ ಬೆಂಗಳೂರಿನ ಯಾವ ತರಗತಿಯಲ್ಲೂ ಮಾಂಸ ತಿನ್ನುವ ಮನೆಯ ಮಕ್ಕಳು, ತಿನ್ನದ ಮನೆಯ ಮಕ್ಕಳು, ಮಾಂಸ ಮಾರಿ ಬದುಕುವ ಮನೆಯ ಮಕ್ಕಳು ಒಂದೇ ಬೆಂಚಿನಲ್ಲಿ ಇರುತ್ತಾರೆ. ಈ ಉದಾಹರಣೆ ತೆಗೆದುಕೊಂಡರೆ ‘ಯಾರು ಯಾರು ತಿನ್ನುತ್ತೀರಿ, ಕೈ ಎತ್ತಿ’ ಎಂದು ಕೇಳಬೇಡಿ. ಮಾತು ಸ್ನಾಯು, ಕಿಣ್ವ, ಜೀನ್ ಸುತ್ತಲೇ ಇರಲಿ. ಯಾರಾದರೂ ನಕ್ಕರೆ ಅಲ್ಲಿಯೇ ನಿಲ್ಲಿಸಿ. ನಾನು ಮೊದಲ ದಿನ ನಿಲ್ಲಿಸಲಿಲ್ಲ.

ಮೌಲ್ಯಮಾಪನಕ್ಕೆ ನಾನು ಬಳಸಿದ ಮೂರು ಪ್ರಶ್ನೆಗಳು ಇವು. ಜೆಲ್‌ನಲ್ಲಿ ಎರಡು ಪಟ್ಟೆ ಕಂಡ ಕುರಿಯ ಮರಿಯಲ್ಲಿ ಒಂದೇ ಪಟ್ಟೆ ಕಾಣಲು ಸಾಧ್ಯವೇ? ಎಂಎಂ ಕುರಿಯ ಮಾಂಸ ಗಡುಸಾಗಿರಲು ಮೂರು ಕಾರಣ ಕೊಡಿ. ನಿಮ್ಮ ಮಂದೆಗೆ ಟಗರನ್ನು ತರುವ ಮೊದಲು ಏನೇನು ನೋಡುವಿರಿ?

ಮೊದಲನೆಯ ಪ್ರಶ್ನೆಗೆ ‘ಸಾಧ್ಯವಿಲ್ಲ, ಎರಡು ಪಟ್ಟೆಯ ಕುರಿ ಎಂ ಅನ್ನು ಕೊಟ್ಟೇ ಕೊಡುತ್ತದೆ’ ಎಂದು ಕಾರಣಸಹಿತ ಬರೆದವರು ಅರ್ಧ ತರಗತಿ ಮಾತ್ರ. ಅಲ್ಲಿಗೆ ಇನ್ನೊಂದು ಅವಧಿ ಬೇಕು. ಎರಡನೆಯದಕ್ಕೆ ಮೂರನೆಯ ಬೆಂಚಿನ ಹುಡುಗ ಐದು ಕಾರಣ ಬರೆದಿದ್ದ. ಅದರಲ್ಲಿ ಎರಡು ನನ್ನ ಪಾಠ ಟಿಪ್ಪಣಿಯಲ್ಲಿ ಇರಲಿಲ್ಲ. ಈಗ ಸೇರಿಸಿಕೊಂಡಿದ್ದೇನೆ.